ಜೋರ್ಕ್ ಲೋಕದ ಒಂಬತ್ತು ಆಟಗಳು: ಯಾವುದರಿಂದ ಶುರು ಮಾಡಬೇಕು?

2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜೋರ್ಕ್‌ನ ಮೊದಲ ಮೂರು ಆಟಗಳ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್ ಅಡಿಯಲ್ಲಿ ಮುಕ್ತಗೊಳಿಸಿತು. ಆಮೇಲೆ ಈ ಹಳೇ ಟೆಕ್ಸ್ಟ್ ಆಟಗಳ, ಅಂದರೆ ಪರದೆಯ ಮೇಲಿನ ಬರಹ ಓದಿ ಇಂಗ್ಲಿಷಿನಲ್ಲಿ ಆಜ್ಞೆ ಟೈಪ್ ಮಾಡಿ ಆಡುವ ಆಟಗಳ, ಕಡೆ ತಿರುಗಿದವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ಇಷ್ಟೊಂದು ಇವೆಯಲ್ಲ, ಮೊದಲು ಯಾವುದನ್ನು ಆಡಲಿ? ಒಂದರಿಂದ ಕ್ರಮವಾಗಿ ಹೋಗಿ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಹಾಗೆ ಕ್ರಮವಾಗಿ ಹೊರಟವರಲ್ಲಿ ಅನೇಕರು ಎರಡನೆಯದರ ನಡುವೆಯೇ ಬೇಸತ್ತು ಬಿಟ್ಟುಬಿಡುತ್ತಾರೆ. ಆಮೇಲಿನ ಒಳ್ಳೆಯ ಆಟಗಳ ಮುಖವನ್ನೂ ನೋಡುವುದಿಲ್ಲ.

ಇತಿಹಾಸವನ್ನು ಆಯ್ಕೆಗೆ ಬೇಕಾದಷ್ಟೇ ಹೇಳುತ್ತೇನೆ. ಟಿಮ್ ಆಂಡರ್ಸನ್, ಮಾರ್ಕ್ ಬ್ಲಾಂಕ್, ಬ್ರೂಸ್ ಡೇನಿಯಲ್ಸ್, ಡೇವ್ ಲೆಬ್ಲಿಂಗ್ ಎಂಬ ನಾಲ್ವರು 1977ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರ್ ಮೇಲೆ ಜೋರ್ಕ್ ಬರೆಯತೊಡಗಿದರು. 1979ರಲ್ಲಿ ಅಲ್ಲಿಯವರೇ ಕೂಡಿ ಇನ್ಫೋಕಾಮ್ ಕಂಪನಿ ಕಟ್ಟಿದರು. ಆಟವನ್ನು ಮನೆಯ ಕಂಪ್ಯೂಟರಿಗೆ ತರೋಣವೆಂದರೆ ಅದು ಅಲ್ಲಿ ಹಿಡಿಸುತ್ತಲೇ ಇರಲಿಲ್ಲ. ಹಾಗಾಗಿ ತುಂಡು ಮಾಡಿದರು: 1980ರಲ್ಲಿ ಜೋರ್ಕ್ 1, ಮರುವರ್ಷ 2, 1982ರಲ್ಲಿ 3. ಜೊತೆಗೆ ಒಂದು ಜಾಣತನ ಮಾಡಿದರು. ಆಟವನ್ನು ಪ್ರತಿ ಯಂತ್ರಕ್ಕೂ ಹೊಸದಾಗಿ ಬರೆಯುವ ಬದಲು ಜೆಡ್-ಮಷೀನ್ ಎಂಬ ಕಾಲ್ಪನಿಕ ಕಂಪ್ಯೂಟರಿಗೆ ಬರೆದು, ಪ್ರತಿ ಯಂತ್ರಕ್ಕೂ ಅದನ್ನು ನಡೆಸುವ ಚಿಕ್ಕ ಪ್ರೋಗ್ರಾಂ ಮಾತ್ರ ಕೊಟ್ಟರು. ಟಿಆರ್‌ಎಸ್-80 ಎಂಬ ಹಳೇ ಮನೆ ಕಂಪ್ಯೂಟರಿಗಾಗಿ ಮಾಡಿದ ಆಟ ಇವತ್ತು ನಿಮ್ಮ ಫೋನಿನಲ್ಲಿ ಓಡುವುದು ಈ ಜಾಣತನದಿಂದಲೇ.

ಹೋಲಿಕೆಗೆ ಎತ್ತಿಕೊಂಡಿರುವ ಒಂಬತ್ತು ಇವು: ಜೋರ್ಕ್ 1, 2, 3, ಅದೇ ಲೋಕದಲ್ಲಿ ನಡೆಯುವ ಮಂತ್ರವಾದಿ ಸರಣಿ, ಅಂದರೆ ಎನ್‌ಚಾಂಟರ್, ಸಾರ್ಸರರ್, ಸ್ಪೆಲ್‌ಬ್ರೇಕರ್, ಬಿಡಿಯಾಗಿ ನಿಲ್ಲುವ ವಿಶ್‌ಬ್ರಿಂಗರ್, ಕೊನೆಗಾಲದ ಬಿಯಾಂಡ್ ಜೋರ್ಕ್ ಮತ್ತು ಜೋರ್ಕ್ ಝೀರೋ. 1993ರ ರಿಟರ್ನ್ ಟು ಜೋರ್ಕ್‌ನಿಂದಾಚೆಗಿನವು ಹೆಚ್ಚಾಗಿ ಚಿತ್ರ ನೋಡಿ ಕ್ಲಿಕ್ ಮಾಡುವ ಆಟಗಳು. ಅವುಗಳ ದಾರಿಯೇ ಬೇರೆ, ಇಲ್ಲಿ ಬೇಡ.

ಅಳೆಯುವುದು ಯಾವುದರಿಂದ

ಕಥೆ, ಹಾಸ್ಯ, ವರ್ಣನೆ ಎಲ್ಲವನ್ನೂ ನೋಡಬಹುದು. ಆದರೆ ಈ ಆಟಗಳಲ್ಲಿ ಹೆಚ್ಚು ಹೊತ್ತು ಕಳೆಯುವುದು ಮುಂದೇನೆಂದು ತಿಳಿಯದೆ ತಲೆ ಕೆರೆದುಕೊಳ್ಳುವುದರಲ್ಲಿ. ಆದ್ದರಿಂದ ನನ್ನ ಮೊದಲ ಅಳತೆ: ಈ ಆಟ ನಿಮ್ಮನ್ನು ಯಾವ ಬಗೆಯಲ್ಲಿ ಸಿಕ್ಕಿಹಾಕಿಸುತ್ತದೆ?

ಮೂರು ಬಗೆ ಇವೆ. ಒಂದು, ಒಗಟು ಕಷ್ಟ, ಆದರೆ ಬಿಡಿಸಲು ಬೇಕಾದದ್ದೆಲ್ಲ ಆಟದೊಳಗೇ ಇದೆ. ಇದು ಸುಖದ ಕಷ್ಟ. ಎರಡು, ಯಾವುದೋ ವಸ್ತುವನ್ನು ಹಿಂದೆಯೇ ಹಾಳು ಮಾಡಿಕೊಂಡಿದ್ದೀರಿ, ಇನ್ನು ಗೆಲ್ಲಲು ದಾರಿಯೇ ಇಲ್ಲ, ಆದರೂ ಆಟ ಬಾಯಿ ಬಿಡುವುದಿಲ್ಲ. ನೀವು ಒಂದು ವಾರ ಗೋಡೆಗೆ ತಲೆ ಚಚ್ಚಿಕೊಳ್ಳುತ್ತೀರಿ. ಮೂರು, ಒಗಟು ಬಿಡಿಸಲು ಬೇಕಾದದ್ದು ಆಟದ ಹೊರಗಿದೆ: ಅಮೆರಿಕದಲ್ಲಿ ಬೆಳೆದವರಿಗೆ ಮಾತ್ರ ಸಹಜವಾದ ಒಂದು ತಿಳಿವಳಿಕೆ, ಇಲ್ಲವೇ ಪೆಟ್ಟಿಗೆಯಲ್ಲಿ ಬಂದಿದ್ದ ಕಾಗದ. ಎರಡನೆಯದಕ್ಕೆ ಆಗಾಗ ಸೇವ್ ಮಾಡುವುದೇ ಮದ್ದು. ಮೂರನೆಯದಕ್ಕೆ ಸುಳಿವು ನೋಡದೆ ಗತಿಯಿಲ್ಲ.

ಉಳಿದ ಅಳತೆಗಳು ಚಿಕ್ಕವು. ಅಂಕ ದಾರಿ ತೋರಿಸುತ್ತದೆಯೋ ಇಲ್ಲವೋ. ಇಂಗ್ಲಿಷ್ ಎಷ್ಟು ಬೇಕು (ಎಲ್ಲವೂ ಇಂಗ್ಲಿಷಿನವೇ, ಆದರೆ ಭಾರ ಒಂದೇ ಅಲ್ಲ). ಯಾವ ಸಾಧನದಲ್ಲಿ ಓಡುತ್ತದೆ. ಎಷ್ಟು ದುಡ್ಡು.

ಜೋರ್ಕ್ 1: ಬಿಳಿ ಮನೆ, ಲಾಟೀನು, ಕಳ್ಳ

ನೀವು ಬಾಗಿಲಿಗೆ ಹಲಗೆ ಬಡಿದ ಒಂದು ಬಿಳಿ ಮನೆಯ ಎದುರು ನಿಂತಿದ್ದೀರಿ. ಪಕ್ಕದಲ್ಲೊಂದು ಪುಟ್ಟ ಅಂಚೆ ಡಬ್ಬಿ. ಆಟ ಹೇಳುವುದು ಇಷ್ಟೇ, ಮುಂದಿನದು ನಿಮ್ಮ ಬೆರಳಿಗೆ ಬಿಟ್ಟದ್ದು. "ಓಪನ್ ಮೇಲ್‌ಬಾಕ್ಸ್" ಎಂದು ಟೈಪ್ ಮಾಡಿದರೆ ಒಳಗೊಂದು ಕರಪತ್ರ, "ರೀಡ್ ಲೀಫ್ಲೆಟ್" ಅಂದರೆ ಸ್ವಾಗತದ ಮಾತು. ಮನೆಯ ಹಿಂದಿನ ಕಿಟಕಿ ಕೊಂಚ ತೆರೆದಿದೆ. ಒಳಗೆ ಅಡುಗೆಮನೆ, ಅದರಾಚೆ ನಡುಮನೆ, ಅಲ್ಲಿ ಕತ್ತಿ, ಲಾಟೀನು, ಒಂದು ಖಾಲಿ ಗಾಜಿನ ಬೀರು. ಕಂಬಳಿ ಸರಿಸಿದರೆ ನೆಲದಲ್ಲಿ ಬಾಗಿಲು. ಇಳಿದಿರೋ, ಮೇಲಿಂದ ಯಾರೋ ಬಾಗಿಲು ಮುಚ್ಚಿ ಅಗುಳಿ ಹಾಕುವ ಸದ್ದು. ಹಿಂದಿರುಗುವ ದಾರಿ ನೀವೇ ಹುಡುಕಬೇಕು.

ಗುರಿ ಸರಳ: ನೆಲದಡಿಯ ಸಾಮ್ರಾಜ್ಯದಲ್ಲಿ ಚದುರಿರುವ ನಿಧಿಗಳನ್ನೆಲ್ಲ ತಂದು ಆ ಗಾಜಿನ ಬೀರುವಿಗೆ ತುಂಬುವುದು. ಒಟ್ಟು 350 ಅಂಕ. ಹೊಸಬರಿಗೆ ಇದು ದೊಡ್ಡ ಆಸರೆ, ಯಾಕೆಂದರೆ ಅಂಕ ಏರಿದಾಗಲೆಲ್ಲ ದಾರಿ ಸರಿಯಿದೆ ಎಂದು ಗೊತ್ತಾಗುತ್ತದೆ. ಒಂದು ಒಗಟು ಬಗೆಹರಿಯದಿದ್ದರೆ ಬೇರೆ ದಿಕ್ಕಿಗೆ ಹೋಗಬಹುದು. ಒಂಬತ್ತರಲ್ಲಿ ಇಷ್ಟು ಸಲೀಸಾಗಿ ತಿರುಗಾಡಲು ಬಿಡುವ ಆಟಗಳು ಕಡಿಮೆ.

ಆದರೆ ಎರಡನೇ ಬಗೆಯ ಬಲೆಗಳು ಇಲ್ಲಿವೆ. ಲಾಟೀನಿನ ಬ್ಯಾಟರಿ ತೀರುತ್ತದೆ. ಕತ್ತಲಲ್ಲಿ ನಡೆದರೆ ಗ್ರೂ ಎಂಬ, ಯಾರೂ ನೋಡಿರದ ಪ್ರಾಣಿ ತಿಂದು ಹಾಕುತ್ತದೆ. ಹೀಗಾಗಿ ಬೆಳಕಿರುವಲ್ಲೆಲ್ಲ ಲಾಟೀನು ಆರಿಸಿ, ಬ್ಯಾಟರಿ ಬೇಡದ ಇನ್ನೊಂದು ಬೆಳಕು ಒಳಗೆಲ್ಲೋ ಇದೆ ಎಂಬುದನ್ನು ನೆನಪಿಡಿ. ಮರದ ಮೇಲೆ ಆಭರಣ ಹೊದಿಸಿದ ಮೊಟ್ಟೆಯೊಂದು ಸಿಗುತ್ತದೆ. ಅದನ್ನು ನಿಮ್ಮ ಕೈಯಾರೆ ಮೀಟಿ ತೆರೆದರೆ ಒಳಗಿನ ನಿಧಿ ಹಾಳು. ಯಾರ ಕೈಯಲ್ಲಿ ತೆರೆಸಬೇಕು ಎಂಬುದನ್ನು ಹೇಳುವುದಿಲ್ಲ, ಅದು ಈ ಆಟದ ಅತಿ ಸೊಗಸಾದ ಒಗಟು. ಇನ್ನು ಕಳ್ಳ. ಎಲ್ಲೆಂದರಲ್ಲಿ ಪ್ರತ್ಯಕ್ಷನಾಗಿ ಚೀಲದಿಂದ ನಿಧಿ ಎಗರಿಸುತ್ತಾನೆ. ಮೊದಲೇ ಅವನ ಮೇಲೆ ಬಿದ್ದರೆ ಸಾಯುವುದು ನೀವೇ. ಅಂಕ ಹೆಚ್ಚಿದಷ್ಟೂ ಕಾದಾಟದಲ್ಲಿ ನಿಮ್ಮ ಕೈ ಮೇಲಾಗುತ್ತದೆ, ಹಾಗಾಗಿ ತಾಳಿದವನಿಗೆ ಲಾಭ. ಕಾದಾಟದ ಫಲಿತಾಂಶ ಅದೃಷ್ಟಕ್ಕೂ ಬಿಟ್ಟದ್ದು. ಟ್ರೋಲ್ ಎಂಬ ರಾಕ್ಷಸ ಎದುರಾಗುವ ಮೊದಲು ಸೇವ್ ಮಾಡಿಕೊಂಡರೆ ಸಿಟ್ಟು ಬರುವುದು ತಪ್ಪುತ್ತದೆ.

ಜಟಿಲ ದಾರಿಗಳ ಚಕ್ರವ್ಯೂಹ ನನಗೆ ಇವತ್ತಿಗೂ ಸೇರುವುದಿಲ್ಲ. ಎಲ್ಲ ಕೋಣೆಯ ವರ್ಣನೆಯೂ ಒಂದೇ, ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬಂದರೆ ಹೊರಟ ಜಾಗ ಸಿಗುವುದಿಲ್ಲ. ಪ್ರತಿ ಕೋಣೆಯಲ್ಲೂ ಒಂದೊಂದು ವಸ್ತು ಬಿಟ್ಟು ಗುರುತು ಮಾಡುತ್ತಾ ನಕ್ಷೆ ಬರೆಯಬೇಕು. ಅಂದಿನವರಿಗೆ ಅದೇ ಮೋಜು. ನಿಮಗಿಲ್ಲದಿದ್ದರೆ ಇಷ್ಟಕ್ಕೆ ಮಾತ್ರ ಯಾರಾದರೂ ಬರೆದ ನಕ್ಷೆ ನೋಡಿ, ಅದರಿಂದ ಆಟದ ರುಚಿಯೇನೂ ಕೆಡುವುದಿಲ್ಲ.

ಇಂಗ್ಲಿಷ್ ಭಾರ ಮಧ್ಯಮ. ವಾಕ್ಯಗಳು ಚಿಕ್ಕವು, ಕೀಟಲೆ ಇದೆ, ಪದಗಳು ಶಾಲೆಯ ಮಟ್ಟದವು. ಒಂದು ಒಗಟಿಗೆ ಗ್ರೀಕ್ ಪುರಾಣ ಗೊತ್ತಿದ್ದರೆ ಚುಟುಕು ದಾರಿ ಸಿಗುತ್ತದೆ, ಗೊತ್ತಿಲ್ಲದವರಿಗೆ ಬೇರೆ ದಾರಿಯೂ ಇದೆ. ನ್ಯಾಯವೆಂದರೆ ಹೀಗಿರಬೇಕು.

ಜೋರ್ಕ್ 2 ಮತ್ತು 3

ಎರಡನೆಯದರಲ್ಲಿ ಫ್ರೊಬೋಜ್ಜ್‌ನ ಅರೆಮರುಳು ಮಾಂತ್ರಿಕನೊಬ್ಬ ಬೇಕೆಂದಾಗ ಬಂದು ನಿಮ್ಮ ಮೇಲೆ ಮಂತ್ರ ಹಾಕಿ ಹೋಗುತ್ತಾನೆ. ಒಮ್ಮೆ ಗಾಳಿಯಲ್ಲಿ ತೇಲಿಸುತ್ತಾನೆ, ಇನ್ನೊಮ್ಮೆ ಅಲ್ಲಾಡದಂತೆ ನಿಲ್ಲಿಸುತ್ತಾನೆ. ಮೊದಲ ಎರಡು ಬಾರಿ ನಗು ಬರುತ್ತದೆ. ಡ್ರ್ಯಾಗನ್ನು, ರಾಜಕುಮಾರಿ, ಬಿಸಿಗಾಳಿಯ ಬಲೂನು ಎಲ್ಲ ಇರುವ ಈ ಆಟದ ಒಳ್ಳೆಯ ಒಗಟುಗಳು ಜೋರ್ಕ್ 1ರ ಒಳ್ಳೆಯವನ್ನೂ ಮೀರಿಸುತ್ತವೆ. ಕೆಟ್ಟ ಒಗಟುಗಳೂ ಮೀರಿಸುತ್ತವೆ. ಒಟ್ಟು 400 ಅಂಕ, ಇನ್ಫೋಕಾಮ್ ಕೊಟ್ಟ ಕಷ್ಟದ ದರ್ಜೆ "ಅಡ್ವಾನ್ಸ್‌ಡ್".

ಇಲ್ಲಿ ಒಂದು ಒಗಟನ್ನು ನಾನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಮ್ಮವರು ಎಡವುವುದು ಇಲ್ಲೇ. ವಿಚಿತ್ರ ಕೋನಗಳ ಕೋಣೆಗಳ ಸರಣಿಯೊಂದು ಬರುತ್ತದೆ. ನೆಲದಲ್ಲಿ ವಜ್ರದಾಕಾರದ ಕಿಂಡಿ, ಸರಿಯಾಗಿ ನಡೆದರೆ ಅದರ ಬೆಳಕು ಏರುತ್ತದೆ. ಅಲ್ಲೊಂದು ಮರದ ದೊಣ್ಣೆಯೂ ಬಿದ್ದಿರುತ್ತದೆ, ಮೇಲೆ "ಬೇಬ್ ಫ್ಲಾಟ್‌ಹೆಡ್" ಎಂದು ಸುಟ್ಟು ಬರೆದ ಹೆಸರು. ಅಮೆರಿಕದವರಿಗೆ ಇದು ಬೇಸ್‌ಬಾಲ್ ಅಂಗಣವೆಂದು ಹೊಳೆಯಬೇಕು. ಕ್ರಿಕೆಟ್ ನೋಡಿ ಬೆಳೆದ ನಮಗೆ ಓಟವೆಂದರೆ ಎರಡು ತುದಿಗಳ ನಡುವೆ ಹೋಗಿಬರುವುದು, ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ ಬರುವುದು ತಲೆಗೆ ಹೊಳೆಯುವುದಾದರೂ ಹೇಗೆ? ಉತ್ತರ: ಆಗ್ನೇಯ, ಈಶಾನ್ಯ, ವಾಯವ್ಯ, ನೈಋತ್ಯ, ಇದೇ ಕ್ರಮದಲ್ಲಿ. ಇದು ಮೂರನೇ ಬಗೆಯ ಸಿಕ್ಕು. ಸುಳಿವು ನೋಡಿದ್ದಕ್ಕೆ ನಾಚಿಕೆ ಪಡಬೇಕಿಲ್ಲ. ಬ್ಯಾಂಕಿನ ಒಗಟು ಇನ್ನೊಂದು ತಲೆನೋವು, ಅದು ಮಾತ್ರ ಎಲ್ಲ ದೇಶದವರಿಗೂ ಸಮಾನವಾಗಿ ಅನ್ಯಾಯ ಮಾಡುತ್ತದೆ.

ಜೋರ್ಕ್ 3ರ ಮನೋಧರ್ಮವೇ ಬೇರೆ. ಕೀಟಲೆ ಕಡಿಮೆ, ಮೌನ ಹೆಚ್ಚು. ನಿಧಿ ಕೂಡಿಸುವ ಆಟವಲ್ಲ ಇದು, ನೀವು ಎಂಥ ಮನುಷ್ಯ ಎಂದು ನೋಡುವ ಪರೀಕ್ಷೆ. ಮುಸುಕು ಹೊದ್ದ ಆಕೃತಿಯೊಂದು ಕತ್ತಿ ಹಿಡಿದು ಎದುರಾದಾಗ ಜೋರ್ಕ್ 1 ಕಲಿಸಿದ ಅಭ್ಯಾಸವನ್ನೇ ಮುಂದುವರಿಸಿದರೆ ಕೈ ಸುಟ್ಟುಕೊಳ್ಳುತ್ತೀರಿ. ಒಟ್ಟು ಅಂಕ ಏಳೇ ಏಳು. ಏಳೂ ಬಂದರೆ ಆಟ ಮುಗಿಯಿತೆಂದಲ್ಲ, ಮುಗಿಸುವ ಯೋಗ್ಯತೆ ಬಂತೆಂದು. ಹೀಗಾಗಿ ಅಂಕದಿಂದ ದಾರಿ ತಿಳಿಯುವುದಿಲ್ಲ. ಮೇಲಾಗಿ ಕಾಲದ ಬಲೆಗಳಿವೆ: ಒಂದು ಹೊತ್ತಿಗೆ ಭೂಕಂಪವಾಗಿ ಒಂದು ದಾರಿ ಕುಸಿಯುತ್ತದೆ, ಸಮುದ್ರದಲ್ಲಿ ಒಂದು ಹಡಗು ಸ್ವಲ್ಪ ಹೊತ್ತು ಮಾತ್ರ ಹಾದುಹೋಗುತ್ತದೆ. ತಪ್ಪಿಸಿಕೊಂಡಿರೆಂದು ಯಾರೂ ಹೇಳುವುದಿಲ್ಲ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ, ಆದರೂ ಮೊದಲ ಆಟವಾಗಿ ಯಾರಿಗೂ ಕೊಡುವುದಿಲ್ಲ. ಕೊನೆಯ ತಿರುವಿಗೆ ಬೆಲೆ ಬರುವುದು ಜೋರ್ಕ್ 1ರಲ್ಲಿ ಲೂಟಿ ಮಾಡಿ ಬಂದವರಿಗೆ.

ಎನ್‌ಚಾಂಟರ್ ಮತ್ತು ಅದರ ಬೆನ್ನ ಹಿಂದಿನವು

1983ರ ಎನ್‌ಚಾಂಟರ್ ಬರೆದವರು ಬ್ಲಾಂಕ್ ಮತ್ತು ಲೆಬ್ಲಿಂಗ್. ಅಷ್ಟರಲ್ಲಿ ಆಟ ಬರೆಯುವುದು ಅವರಿಗೆ ಚೆನ್ನಾಗಿ ಕೈ ಹತ್ತಿತ್ತು. ಕ್ರಿಲ್ ಎಂಬ ದುಷ್ಟ ಮಾಂತ್ರಿಕ ನಾಡನ್ನು ಹಿಡಿಯುತ್ತಿದ್ದಾನೆ. ದೊಡ್ಡ ಮಾಂತ್ರಿಕರು ಹೋದರೆ ಅವನಿಗೆ ಗೊತ್ತಾಗಿಬಿಡುತ್ತದೆಂದು ಎಳೆಯ ಶಿಷ್ಯನಾದ ನಿಮ್ಮನ್ನು ಕಳಿಸುತ್ತಾರೆ. ನಿಮ್ಮಲ್ಲಿರುವುದು ಒಂದು ಮಂತ್ರದ ಪುಸ್ತಕ. ಹೊಸ ಮಂತ್ರ ಬರೆದ ಸುರುಳಿ ಸಿಕ್ಕರೆ "ಗ್ನುಸ್ಟೋ" ಮಂತ್ರ ಹಾಕಿ ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಮಂತ್ರವನ್ನು ಪ್ರಯೋಗಿಸುವ ಮೊದಲು ಕಲಿತುಕೊಳ್ಳಬೇಕು.

ಇದರ ಗುಣ ತಿಳಿಯಲು ಒಂದೇ ಮಂತ್ರ ಸಾಕು. "ಫ್ರೊಟ್ಜ್" ಹಾಕಿದ ವಸ್ತು ಬೆಳಗತೊಡಗುತ್ತದೆ. ನಿಮ್ಮ ಮಂತ್ರದ ಪುಸ್ತಕಕ್ಕೇ ಹಾಕಿ, ಅದೇ ದೀಪವಾಗುತ್ತದೆ, ಎಣ್ಣೆ ಬೇಡ, ಬ್ಯಾಟರಿ ಬೇಡ. ಜೋರ್ಕ್ 1ರಲ್ಲಿ ಉದ್ದಕ್ಕೂ ಕಾಡಿದ ಲಾಟೀನಿನ ಚಿಂತೆ ಇಲ್ಲಿ ಒಂದು ಸಾಲಿನಲ್ಲಿ ಮುಗಿಯಿತು. ಬೀಗ ತೆಗೆಯಲು ಒಂದು ಮಂತ್ರ, ಪ್ರಾಣಿಗಳೊಡನೆ ಮಾತಾಡಲು ಇನ್ನೊಂದು. ಈ ಪದಗಳು ಯಾರ ನಿಘಂಟಿನಲ್ಲೂ ಇಲ್ಲ, ಬಾಸ್ಟನ್‌ನವರೂ ಬಳ್ಳಾರಿಯವರೂ ಆಟದೊಳಗೇ ಕಲಿಯಬೇಕು. ಹಾಗಾಗಿ ಮೂರನೇ ಬಗೆಯ ಸಿಕ್ಕು ಇಲ್ಲಿ ಬಹಳ ಕಡಿಮೆ. ಕೈಲಿರುವ ಮಂತ್ರಗಳನ್ನೂ ಎದುರಿನ ತೊಡಕನ್ನೂ ಜೋಡಿಸುತ್ತಾ ಹೋಗಬೇಕು, ಅಷ್ಟೇ. ನಿದ್ದೆ ಮಾಡಿದಾಗ ಬೀಳುವ ಕನಸುಗಳಲ್ಲಿ ಸುಳಿವೂ ಸಿಗುತ್ತದೆ.

ಬೆಲೆ ತೆರಬೇಕಾದದ್ದು ಬೇರೆ ಕಡೆ. ಹಸಿವು, ಬಾಯಾರಿಕೆ, ನಿದ್ದೆ ಮೂರೂ ಇವೆ. ಆರಂಭದ ಗುಡಿಸಲಿನ ರೊಟ್ಟಿಯನ್ನೂ ನೀರಿನ ಹೂಜಿಯನ್ನೂ ಬಿಟ್ಟು ಹೋದರೆ ಕ್ರಿಲ್‌ನ ಕೋಟೆಯೊಳಗೆ ಪರದಾಡಬೇಕು. ಕೆಲವು ದೊಡ್ಡ ಮಂತ್ರಗಳನ್ನು ಪುಸ್ತಕಕ್ಕೆ ಇಳಿಸಲಾಗುವುದಿಲ್ಲ, ಸುರುಳಿಯಿಂದಲೇ ಒಮ್ಮೆ ಓದಿ ಮುಗಿಯಿತು. ಅದನ್ನು ತಪ್ಪು ಜಾಗದಲ್ಲಿ ಖರ್ಚು ಮಾಡಿದರೆ ಎರಡನೇ ಬಗೆಯ ಗೋಡೆ. ಒಂದೇ ಸಲ ಬಳಸುವ ಮಂತ್ರ ಎದುರಾದಾಗಲೆಲ್ಲ ಹೊಸ ಹೆಸರಿನಲ್ಲಿ ಸೇವ್ ಮಾಡಿ.

ಇದನ್ನು ಜೋರ್ಕ್ 1ಕ್ಕಿಂತ ಮೊದಲೇ ಆಡಬಹುದಲ್ಲ ಎಂದು ಕೇಳಬಹುದು. ಆಡಬಹುದು, ಆದರೆ ಒಂದು ನಷ್ಟವಿದೆ. ಕೋಟೆಯೊಳಗೆ ಒಬ್ಬ ಸಾಹಸಿ ಎದುರಾಗುತ್ತಾನೆ. ಕಂಡದ್ದನ್ನೆಲ್ಲ ಎತ್ತಿಕೊಂಡು, ಗೊತ್ತುಗುರಿಯಿಲ್ಲದೆ ಓಡಾಡುವ ಪೆದ್ದ. ಜೋರ್ಕ್ 1 ಆಡಿದವರಿಗೆ ಅವನು ಯಾರೆಂದು ತಿಳಿದು ಹೊಟ್ಟೆ ಹಿಡಿದು ನಗು ಬರುತ್ತದೆ. ಆಡದವರಿಗೆ ಅವನು ಬರೀ ಒಬ್ಬ ದಾರಿಹೋಕ.

1984ರ ಸಾರ್ಸರರ್ ಬರೆದವರು ಸ್ಟೀವ್ ಮೆರೆಟ್ಸ್ಕಿ. ಕಲ್ಲಿದ್ದಲ ಗಣಿಯಲ್ಲಿ ನೀವು ನಿಮ್ಮನ್ನೇ ಭೇಟಿಯಾಗುವ ಕಾಲದ ಒಗಟು ಇದರಲ್ಲಿದೆ, ಅದೊಂದಕ್ಕಾದರೂ ಆಡಬೇಕು. ಆದರೆ ಶುರುವಿನ ಪೆಟ್ಟಿಗೆ ತೆರೆಯಲು "ಇನ್ಫೊಟೇಟರ್" ಎಂಬ ರಟ್ಟಿನ ಚಕ್ರ ಬೇಕು, ಅದು ಬರುತ್ತಿದ್ದುದು ಆಟದ ಡಬ್ಬಿಯಲ್ಲಿ. ನಕಲು ತಡೆಯಲು ಮಾಡಿದ ಉಪಾಯ. ಮೊದಲೇ ಅದರ ಸ್ಕ್ಯಾನ್ ಹುಡುಕಿಟ್ಟುಕೊಳ್ಳಿ. 1985ರ ಸ್ಪೆಲ್‌ಬ್ರೇಕರ್‌ಗೂ ಹೀಗೆಯೇ ಡಬ್ಬಿಯಲ್ಲಿ ಬರುತ್ತಿದ್ದ ಒಂದು ಕಟ್ಟು ಚಿತ್ರದ ಕಾರ್ಡುಗಳು ಬೇಕು. ಲೆಬ್ಲಿಂಗ್ ಬರೆದ ಇದು ಒಂಬತ್ತರಲ್ಲಿ ಕಬ್ಬಿಣದ ಕಡಲೆ, ದರ್ಜೆ "ಎಕ್ಸ್‌ಪರ್ಟ್". ನೋಡಲು ಒಂದೇ ಥರದ ಘನಗಳನ್ನು ಕೂಡಿಹಾಕಿ, ಒಂದೊಂದಕ್ಕೂ ನೀವೇ ಹೆಸರು ಕೆತ್ತಿ, ಅವುಗಳ ಮೂಲಕ ಬೇರೆ ಬೇರೆ ಜಾಗಗಳಿಗೆ ಹೋಗಬೇಕು. ಎನ್‌ಚಾಂಟರನ್ನು ಸುಳಿವಿಲ್ಲದೆ ಮುಗಿಸಿದವರು ಮಾತ್ರ ಮುಟ್ಟಿ.

ವಿಶ್‌ಬ್ರಿಂಗರ್: ಮೆದುವಾದ ಬಾಗಿಲು

ಪಳಗಿದ ಆಟಗಾರರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಬ್ರಯಾನ್ ಮೊರಿಯಾರ್ಟಿ 1985ರಲ್ಲಿ ಹೊಸಬರಿಗೆಂದೇ ಬರೆದ ಆಟ. ನೀವು ಫೆಸ್ಟರನ್ ಎಂಬ ಊರಿನ ಅಂಚೆ ಕಚೇರಿಯ ಗುಮಾಸ್ತ. ಸಿಡುಕ ಯಜಮಾನ ಒಂದು ಕಾಗದ ಕೊಟ್ಟು ಬೆಟ್ಟದ ಮೇಲಿನ ಅಂಗಡಿಗೆ ಅಟ್ಟುತ್ತಾನೆ. ಕೊಟ್ಟು ವಾಪಸು ಬರುವಷ್ಟರಲ್ಲಿ ಊರು ಕೇಡಿನ ಊರಾಗಿರುತ್ತದೆ: ಅದೇ ಬೀದಿ, ಅದೇ ಸೇತುವೆ, ಆದರೆ ಗಸ್ತು ತಿರುಗುವ ದೈತ್ಯ ಬೂಟುಗಳು. ಊರನ್ನು ಮೊದಲು ಹಗಲಿನಲ್ಲಿ ಪರಿಚಯ ಮಾಡಿಸಿ, ಆಮೇಲೆ ಅದನ್ನೇ ಕೆಡಿಸಿ ತೋರಿಸುವುದರಿಂದ ನಕ್ಷೆ ತಲೆಯಲ್ಲೇ ಕೂತಿರುತ್ತದೆ. ಕಾಗದ ಪೆನ್ನು ಹಿಡಿಯದೆ ಆಡಬಹುದಾದದ್ದು ಇದೊಂದೇ.

ಇದರ ಜಾಣತನ ಒಂದು ಕಲ್ಲಿನಲ್ಲಿದೆ. ಅದು ಏಳು ವರ ಕೊಡುತ್ತದೆ, ಪ್ರತಿ ವರಕ್ಕೂ ಒಂದು ವಸ್ತು ಬೇಕು. ಸಿಕ್ಕಿಹಾಕಿಕೊಂಡಲ್ಲಿ ವರ ಬೇಡಿ ಪಾರಾಗಬಹುದು, ಆದರೆ ವರದಿಂದ ಬಗೆಹರಿಯುವುದೆಲ್ಲ ಬರೀ ಬುದ್ಧಿಯಿಂದಲೂ ಬಗೆಹರಿಯುತ್ತದೆ. ಮೊದಲ ಸಲ ವರ ಬೇಡಿ ಮುಗಿಸಿ, ಎರಡನೇ ಸಲ ಬೇಡದೆ ಆಡಿ: ಒಂದು ಆಟದಲ್ಲಿ ಎರಡು. ಒಟ್ಟು 100 ಅಂಕ, ಇಂಗ್ಲಿಷ್ ಒಂಬತ್ತರಲ್ಲಿ ಅತಿ ಹಗುರ. ಹೈಸ್ಕೂಲಿನ ಮಕ್ಕಳ ಜೊತೆ ಕೂತು ಆಡುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಕೊರತೆಯೆಂದರೆ ಜೋರ್ಕ್‌ನ ವಿಸ್ತಾರ ಇಲ್ಲಿಲ್ಲ, ಒಂದೆರಡು ಸಂಜೆಗೆ ಮುಗಿದು ಹೋಗುತ್ತದೆ.

ಕೊನೆಗಾಲದ ಎರಡು

1987ರ ಬಿಯಾಂಡ್ ಜೋರ್ಕ್ ಕೂಡ ಮೊರಿಯಾರ್ಟಿಯದೇ. ಒಗಟಿಗೆ ರೋಲ್-ಪ್ಲೇಯಿಂಗ್ ಬೆರೆಸಿದ್ದಾರೆ: ಬಲ, ತಾಳಿಕೆ, ಬುದ್ಧಿ, ಅನುಕಂಪ, ಅದೃಷ್ಟ ಇವಕ್ಕೆಲ್ಲ ಅಂಕಿ, ಪರದೆಯ ಮೇಲೇ ಮೂಡುವ ನಕ್ಷೆ, ತಪ್ಪು ಹೆಜ್ಜೆ ಹಿಂದೆಗೆಯಲು "ಅನ್‌ಡೂ". ಕಾದಾಟ ಇಷ್ಟವಿದ್ದವರಿಗೆ ಸರಿ, ಒಗಟಿಗೆಂದು ಬಂದವರಿಗೆ ರಾಕ್ಷಸರನ್ನು ಬಡಿದು ಬಲ ಏರಿಸಿಕೊಳ್ಳುವ ಕೆಲಸ ಬೇಸರ ತರುತ್ತದೆ. ಡಬ್ಬಿಯ ಪುಸ್ತಿಕೆಯಿಲ್ಲದೆ ಕೆಲವು ಪ್ರಾಣಿಗಳನ್ನು ಸೋಲಿಸುವ ಬಗೆ ತಿಳಿಯುವುದಿಲ್ಲ.

1988ರ ಜೋರ್ಕ್ ಝೀರೋ ಮೆರೆಟ್ಸ್ಕಿಯದು. ಕಥೆಯಲ್ಲಿ ಮೊದಲಿನದು, ಅದಕ್ಕೇ ಸೊನ್ನೆ. ಹೆಸರು ನೋಡಿ ಇದರಿಂದಲೇ ಶುರು ಮಾಡಬೇಡಿ. ಬಹಳ ದೊಡ್ಡದು, ಸುಳಿವು ಆಟದೊಳಗೇ ಇದೆ, ಚಿತ್ರಗಳೂ ಹಳೇ ಕಾಲದ ತರ್ಕದ ಒಗಟುಗಳೂ ತುಂಬಿವೆ. ಅದರ ಹಾಸ್ಯವೆಲ್ಲ ಹಿಂದಿನ ಆಟಗಳ ಹೆಸರುಗಳನ್ನು ಹಿಡಿದು ಎಳೆದದ್ದು. ಜೆಡ್-ಮಷೀನ್‌ನ ಆರನೇ ಆವೃತ್ತಿಯದಾದ್ದರಿಂದ ಫೋನಿನ ಅನೇಕ ಆಪ್‌ಗಳಲ್ಲಿ ನೆಟ್ಟಗೆ ಓಡುವುದೂ ಇಲ್ಲ.

ದುಡ್ಡು ಮತ್ತು ಸಾಧನ

ಒಂದು ಪೈಸೆ ಬಿಚ್ಚಬಾರದೆಂದಿದ್ದರೆ ಜೋರ್ಕ್ 1, 2, 3ರಲ್ಲಿ ನಿಲ್ಲಿ. ಮುಕ್ತ ಲೈಸೆನ್ಸ್ ಇರುವುದು ಈ ಮೂರಕ್ಕೆ ಮಾತ್ರ. ಉಳಿದವುಗಳ ಸೋರ್ಸ್ ಕೋಡ್ ವಿಶ್ವದ ಪ್ರೋಗ್ರಾಮರುಗಳು ಬಳಸುವ ತಾಣವಾದ, 2019ರಿಂದ ಗಿಟ್‌ಹಬ್‌ನಲ್ಲಿ ಓದಲು ಸಿಗುತ್ತದೆ, ಆದರೆ ಅಂಥ ಲೈಸೆನ್ಸ್ ಇಲ್ಲ. ಬರೀ ರುಚಿ ನೋಡಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಬ್ರೌಸರೊಳಗೇ ಹಳೇ ಆಪಲ್ 2 ಆವೃತ್ತಿ ಓಡಿಸಬಹುದು. ಪೂರ್ತಿ ಆಡಲು ಅದು ಹಿತವಲ್ಲ, ಸೇವ್ ಮಾಡುವುದು ರಗಳೆ. ಆಟದ ಫೈಲ್ ಇಳಿಸಿಕೊಂಡು ಫ್ರೊಟ್ಜ್ ಎಂಬ ಪ್ರೋಗ್ರಾಂನಲ್ಲಿ ತೆರೆಯುವುದೇ ಲೇಸು. ಹೌದು, ಆ ಮಂತ್ರದ ಹೆಸರೇ. ಕಂಪ್ಯೂಟರಿಗೂ ಐಫೋನಿಗೂ ಇದೆ, ಆಂಡ್ರಾಯ್ಡ್‌ಗೆ ಫ್ಯಾಬುಲೇರಿಯಂ ಇದೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಯಾರ ನೆರವೂ ಇಲ್ಲದೆ ಇವನ್ನು ಆಡಬಹುದು. ಹಳೇ ಆಟಗಳಲ್ಲಿ ಈ ಮಾತು ಹೇಳಬಹುದಾದವು ವಿರಳ.

ಸ್ವಲ್ಪ ಖರ್ಚಿಗೆ ಸಿದ್ಧರಿದ್ದರೆ ಜಿಒಜಿ ಎಂಬ ಆನ್‌ಲೈನ್ ಅಂಗಡಿಯ ಜೋರ್ಕ್ ಆಂಥಾಲಜಿ ನೋಡಿ. ಮೂರು ಜೋರ್ಕ್, ಬಿಯಾಂಡ್, ಝೀರೋ ಜೊತೆಗೆ ಪ್ಲಾನೆಟ್‌ಫಾಲ್ ಎಂಬ ಬಾಹ್ಯಾಕಾಶದ ಆಟವೂ ಬರುತ್ತದೆ. ಫ್ಲಾಯ್ಡ್ ಎಂಬ ರೋಬಾಟ್ ಹುಡುಗನಿಗಾಗಿ ಅದನ್ನೂ ಆಡಿ. ಎನ್‌ಚಾಂಟರ್ ಸರಣಿಯೂ ವಿಶ್‌ಬ್ರಿಂಗರೂ ಆ ಕಟ್ಟಿನಲ್ಲಿಲ್ಲ, ಇದೊಂದು ಕಿರಿಕಿರಿ. ಅವು ಎಲ್ಲ ಒಟ್ಟಿಗಿರುವುದು 1996ರ ಮಾಸ್ಟರ್‌ಪೀಸಸ್ ಆಫ್ ಇನ್ಫೋಕಾಮ್ ಸಿಡಿಯಲ್ಲಿ, ಈಗ ಅದು ಸೆಕೆಂಡ್ ಹ್ಯಾಂಡ್ ಮಾತ್ರ. ಹೊಳೆಯುವ ಕಲ್ಲು, ರಟ್ಟಿನ ಚಕ್ರ ಸಮೇತ ಅಸಲಿ ಡಬ್ಬಿಗಳು ಸಂಗ್ರಹಕಾರರ ಸರಕು. ಆಡಲೆಂದು ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ.

ಟೈಪಿಂಗ್ ಬಗ್ಗೆ ಎರಡು ಮಾತು. ಆಟ ಶುರುವಾದ ಕೂಡಲೇ "ವರ್ಬೋಸ್" ಎಂದು ಕೊಡಿ, ಆಗ ಹಿಂದೆ ನೋಡಿದ ಕೋಣೆಗೆ ಮರಳಿದಾಗಲೂ ಪೂರ್ತಿ ವರ್ಣನೆ ಬರುತ್ತದೆ. ಮೊದಲ ಜೋರ್ಕ್‌ಗಳು ಪ್ರತಿ ಪದದ ಮೊದಲ ಆರು ಅಕ್ಷರವನ್ನಷ್ಟೇ ನೋಡುತ್ತವೆ, ಹಾಗಾಗಿ ಫೋನಿನಲ್ಲಿ ಉದ್ದ ಪದ ಒತ್ತಿ ಬೆರಳು ನೋಯಿಸಿಕೊಳ್ಳಬೇಕಿಲ್ಲ.

ಹಾಗಾದರೆ ನಿಮಗೆ ಯಾವುದು

ಟೆಕ್ಸ್ಟ್ ಆಟವನ್ನೇ ಕಾಣದವರು, ಇಂಗ್ಲಿಷ್ ಎಂದರೆ ಸ್ವಲ್ಪ ಅಳುಕುವವರು, ಮಕ್ಕಳೊಡನೆ ಆಡುವವರು ವಿಶ್‌ಬ್ರಿಂಗರ್ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಜೋರ್ಕ್ 1, ಚಕ್ರವ್ಯೂಹದ ನಕ್ಷೆ ಪಕ್ಕದಲ್ಲಿಟ್ಟುಕೊಂಡು. ನಕ್ಷೆ ಬರೆಯುವುದು, ಸತ್ತು ಮತ್ತೆ ಹುಟ್ಟುವುದು ಎಲ್ಲ ಖುಷಿ ಎನ್ನುವವರು ನೇರ ಜೋರ್ಕ್ 1ಕ್ಕೆ ಹೋಗಿ.

ಜೋರ್ಕ್ 1 ಮುಗಿದ ಮೇಲೆ ಎರಡನೆಯದಕ್ಕೆ ಹೋಗಲೇಬೇಕೆಂಬ ಕಟ್ಟುಪಾಡಿಲ್ಲ. ನನ್ನ ಮಾತು ಕೇಳುವುದಾದರೆ ಅಲ್ಲಿಂದ ಎನ್‌ಚಾಂಟರ್‌ಗೆ ಜಿಗಿಯಿರಿ, ಆ ಪೆದ್ದ ಸಾಹಸಿಯ ನೆನಪು ಹಸಿಯಾಗಿರುವಾಗಲೇ. 2ನ್ನು ಆಮೇಲೆ, ಬೇಸ್‌ಬಾಲ್ ಮತ್ತು ಬ್ಯಾಂಕಿನ ಉತ್ತರ ಕೈಯಲ್ಲಿಟ್ಟುಕೊಂಡು ಆಡಿದರೆ ಉಳಿದದ್ದೆಲ್ಲ ಮೋಜು. 3ನ್ನು ಬಿಡುವಾದ ಒಂದು ವಾರಕ್ಕೆ ಎತ್ತಿಡಿ, ಅವಸರದವರಿಗೆ ಅದು ಒಲಿಯುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರು, ಬಸ್ಸಿನಲ್ಲಿ ಫೋನ್ ಹಿಡಿದು ಆಡುವವರು ಸ್ಪೆಲ್‌ಬ್ರೇಕರ್ ಮತ್ತು ಝೀರೋ ಎರಡನ್ನೂ ಪಟ್ಟಿಯಿಂದ ತೆಗೆದುಹಾಕಿ.

ಸುಳಿವು ನೋಡಬೇಕಾಗಿ ಬಂದರೆ ಪೂರ್ತಿ ಉತ್ತರದ ಪುಟ ತೆರೆಯಬೇಡಿ. ಇನ್ಫೋಕಾಮ್ ಆಗ "ಇನ್‌ವಿಸಿಕ್ಲೂಸ್" ಎಂಬ ಪುಸ್ತಿಕೆ ಮಾರುತ್ತಿತ್ತು. ಪ್ರಶ್ನೆ ಕಣ್ಣಿಗೆ ಕಾಣುತ್ತಿತ್ತು, ಉತ್ತರ ಕಾಣದ ಶಾಯಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇರುತ್ತಿತ್ತು. ವಿಶೇಷ ಪೆನ್ನಿನಿಂದ ಬೇಕಾದಷ್ಟು ಸಾಲನ್ನು ಮಾತ್ರ ಉಜ್ಜಿ ಓದಬೇಕು. ಅವುಗಳ ಪಠ್ಯ ಈಗ ನೆಟ್‌ನಲ್ಲಿ ಸಿಗುತ್ತದೆ, ಒಂದೊಂದೇ ಸಾಲು ತೆರೆಯುವ ರೂಪದಲ್ಲೂ ಇದೆ. ನಿಮ್ಮ ಒಗಟಿನ ಮೊದಲ ಸಾಲು ತೆರೆದು, ಫೋನ್ ಕೆಳಗಿಟ್ಟು, ಒಂದು ಸುತ್ತು ಯೋಚಿಸಿ, ಆಮೇಲೆ ಎರಡನೆಯದು.